ರೆಪ್ಪೆ ಮುಚ್ಚದ ಬೀದಿ

ನಮ್ಮೂರಿಗೆ ಗಾಳಿಮಳೆ ಬಂತೆಂದರೆ ಮೊದಲು ಕರೆಂಟು ಹೋಗುತ್ತದೆ, ಅದರ ಬೆನ್ನಿಗೇ ಯಾರಾದರೊಬ್ಬರು ತಲೆಯ ಮೇಲೆ ಗೋಣಿಚೀಲ ಹೊದ್ದುಕೊಂಡು ನಮ್ಮ ಮನೆ ಬಾಗಿಲಿಗೆ ಓಡಿ ಬರುತ್ತಾರೆ. ಬಂದವರು ನನ್ನನ್ನು ಕೇಳಿಕೊಂಡು ಬಂದಿರುವುದಿಲ್ಲ, ಆ ಭ್ರಮೆ ನನಗೆ ಯಾವತ್ತೋ ಹೋಗಿದೆ. ಅವರಿಗೆ ಬೇಕಾದವಳು ನನ್ನ ನೆಗೆಣ್ಣಿ ಸಾವಂತ್ರೆವ್ವ, ನನ್ನ ಗಂಡನ ಅಣ್ಣನ ಹೆಂಡತಿ. ನಾನು ಅವಳನ್ನು ಅಕ್ಕಾ ಎಂದು ಕರೆಯುತ್ತೇನೆ. ಅವಳಿಗೆ ಹುಟ್ಟಿದಾಗಿನಿಂದ ಕಿವಿ ಕೇಳಿಸುವುದಿಲ್ಲ. ನಾನು ಕರೆದದ್ದು ಒಮ್ಮೆಯೂ ಅವಳಿಗೆ ಮುಟ್ಟಿಲ್ಲ, ಆದರೂ ಕರೆಯುವುದನ್ನು ಬಿಟ್ಟಿಲ್ಲ. ದೇವರು ಬಾಯಿ ಕೊಟ್ಟ ಮೇಲೆ ಸುಮ್ಮನಿರುವುದು ನನ್ನಿಂದಾಗದ ಕೆಲಸ.

ನಮ್ಮೂರಿನ ರೀತಿ ಹೊರಗಿನವರಿಗೆ ಹೊಸದು. ಮಳೆಗೆ ಕರೆಂಟು ಹೋದ ಮೇಲೂ ಇಂಟರ್ನೆಟ್ಟಿನ ರೂಟರು, ಅಂದರೆ ನೆಟ್ಟಿನ ಡಬ್ಬಿಯ ಹಸಿರು ದೀಪ ಉರಿಯಬೇಕಾದರೆ ಯಾರಾದರೂ ಅದನ್ನು ನೋಡುತ್ತಿರಬೇಕು. ನೋಡುವಷ್ಟು ಹೊತ್ತು ದೀಪ ಇರುತ್ತದೆ, ನೆಟ್ಟೂ ಇರುತ್ತದೆ. ಎಲ್ಲರ ಕಣ್ಣೂ ಒಟ್ಟಿಗೆ ತಪ್ಪಿತೆಂದರೆ ಆರಿತು. ಒಮ್ಮೆ ಆರಿದರೆ ಮಳೆ ನಿಂತು ಕರೆಂಟು ಬರುವವರೆಗೆ ಯಾವ ತಿಪ್ಪರಲಾಗ ಹಾಕಿದರೂ ಹತ್ತುವುದಿಲ್ಲ. ಟವರುಗಳ ಕಥೆ ಕೇಳಲೇಬೇಡಿ, ಮೊದಲ ಗಾಳಿಗೇ ಮಲಗುತ್ತವೆ. ಇನ್ವರ್ಟರು ತಂದವರೂ ಇದ್ದಾರೆ. ಇನ್ವರ್ಟರಿಗೆ ಫ್ಯಾನು ತಿರುಗುತ್ತದೆ, ಬಲ್ಬು ಉರಿಯುತ್ತದೆ, ಮಿಕ್ಸರು ಗರ್ ಎನ್ನುತ್ತದೆ, ಡಬ್ಬಿ ಮಾತ್ರ ಮುನಿಸಿಕೊಂಡ ಅಳಿಯನ ಹಾಗೆ ಮೂಲೆಯಲ್ಲಿ ಕೂತಿರುತ್ತದೆ. ಅದಕ್ಕೆ ಬೇಕಾದದ್ದು ಕಣ್ಣು.

ಹೀಗಾಗಿ ನಮ್ಮಲ್ಲಿ ಎಲ್ಲರ ಮನೆಯ ಡಬ್ಬಿಯೂ ಪಡಸಾಲೆಯಲ್ಲಿ, ಬಾಗಿಲಿಗೆ ಎದುರಾದ ಗೋಡೆಯ ಗೂಡಿನಲ್ಲೇ ಇರುತ್ತದೆ. ಹೆಣ್ಣು ನೋಡಲು ಬಂದವರು ಹಾಡು ಬರುತ್ತದೆಯೇ ಎಂದು ಕೇಳುವುದಿಲ್ಲ, ಗುಡುಗಿಗೆ ಬೆಚ್ಚುತ್ತಾಳೆಯೇ ಎಂದು ಕೇಳುತ್ತಾರೆ. ಕಣ್ಣಿಡಲು ಇಬ್ಬರಿಬ್ಬರು ಜೋಡಿಯಾಗಿ ಕೂರುವುದು ರೂಢಿ. ಒಬ್ಬರ ಮೊಣಕಾಲ ಮೇಲೆ ಇನ್ನೊಬ್ಬರ ಕೈ ಇರುತ್ತದೆ. ರೆಪ್ಪೆ ಮುಚ್ಚುವ ಮೊದಲು ಬೆರಳಿನಿಂದ ತಟ್ಟಬೇಕು, ತಟ್ಟಿಸಿಕೊಂಡವರು ಆಗ ಕಣ್ಣು ಬಿಟ್ಟಿರಬೇಕು. ಅತ್ತೆ ಸೊಸೆ ಜೋಡಿ ಚೆನ್ನಾಗಿ ಒಗ್ಗುತ್ತದೆ, ಒಬ್ಬರ ಮೇಲೊಬ್ಬರಿಗೆ ಕಣ್ಣಿಟ್ಟು ಅಭ್ಯಾಸವಿರುತ್ತದಲ್ಲ. ಹೊಸದಾಗಿ ಮದುವೆಯಾದವರನ್ನು ಮಾತ್ರ ಜೋಡಿ ಕೂರಿಸುವುದಿಲ್ಲ. ಕೂರಿಸಿ ನೋಡಿದ್ದೇವೆ. ದೀಪ ಬಿಟ್ಟು ಒಬ್ಬರನ್ನೊಬ್ಬರು ನೋಡಿಕೊಂಡು ಫೋನಿನಲ್ಲಿದ್ದ ಮಾವನವರ ಅರ್ಧ ಮಾತನ್ನು ಗಾಳಿಗೆ ತೂರಿದ್ದಾರೆ.

ಎಷ್ಟು ಪಳಗಿದ ಜೋಡಿಯಾದರೂ ದೊಡ್ಡ ಗುಡುಗಿನ ಮುಂದೆ ಸೋತಂತೆಯೇ. ತಲೆಯ ಮೇಲೆ ಧಡಾರ್ ಎಂದಾಗ ಇಬ್ಬರ ರೆಪ್ಪೆಯೂ ಒಟ್ಟಿಗೆ ಬೀಳುತ್ತದೆ. ಬೇಡ ಬೇಡ ಎಂದರೂ ಬೀಳುತ್ತದೆ. ಕಿವಿಗೆ ಹತ್ತಿ ತುರುಕಿಕೊಂಡರೂ ಎದೆಗೆ ಕೇಳಿಸುತ್ತದೆ. ಅಕ್ಕನಿಗೆ ಆ ಕಾಟವಿಲ್ಲ. ಗುಡುಗು ಅವಳ ಪಾಲಿಗೆ ಅಂಗಾಲಿನ ಕೆಳಗೆ ಗಾಡಿ ಹೋದ ಹಾಗೆ, ಅಷ್ಟೇ. ಮೇಲಾಗಿ ಅವಳಿಗೆ ಒಂದು ಕಣ್ಣು ಮುಚ್ಚಿ ಇನ್ನೊಂದನ್ನು ಬಿಡುವ ವಿದ್ಯೆ ಸಿದ್ಧಿಸಿದೆ. ಎಡಗಣ್ಣು ಮುಚ್ಚುತ್ತಾಳೆ, ತೆರೆಯುತ್ತಾಳೆ, ಆಮೇಲೆ ಬಲಗಣ್ಣು. ಜೋಡಿಯೇ ಬೇಡ. ಮಳೆ ಎಷ್ಟು ಹೊತ್ತು ಬಂದರೆ ಅಷ್ಟು ಹೊತ್ತು ಹಾಗೇ ಕೂರುತ್ತಾಳೆ. ನಾನೂ ಕನ್ನಡಿಯ ಮುಂದೆ ಕಲಿಯಲು ಹೋಗಿ ನನ್ನ ಗಂಡನ ನಗೆಗೆ ಈಡಾಗಿದ್ದೇನೆ.

ಊರಿನವರೆಲ್ಲರ ಮನೆಯಲ್ಲೂ ಅವಳು ಕೂತಿದ್ದಾಳೆ. ಯಾರದೋ ಮಗಳಿಗೆ ನರ್ಸಿನ ಕೆಲಸದ ಸಂದರ್ಶನ, ಯಾರದೋ ಆಸ್ತಿಯ ಕೋರ್ಟು, ದೂರದೂರಿನಲ್ಲಿ ಹುಟ್ಟಿದ ಮೊಮ್ಮಗುವಿನ ಹೆಸರಿಡುವುದು, ಒಬ್ಬರಂತೂ ಸಾಯುವ ತಂದೆಯ ಮುಖವನ್ನು ಕೊನೆಯ ಸಲ ನೋಡಿದ್ದು. ಎಲ್ಲವೂ ಅವಳ ಬೆನ್ನ ಹಿಂದೆ ನಡೆದಿವೆ. ಗೂಡಿನ ಕಡೆ ಮುಖ ಮಾಡಿ ಕೂತವಳಿಗೆ ಪರದೆ ಕಾಣುವುದಿಲ್ಲ, ನಕ್ಕದ್ದೂ ಅತ್ತದ್ದೂ ಕೇಳಿಸುವುದಿಲ್ಲ. ಕೆಲಸ ಮುಗಿದ ಮೇಲೆ ಮನೆಯಾಕೆ ತಂಪುನೀರಿನಲ್ಲಿ ಅಂಗೈ ಅದ್ದಿ ಹಿಂದಿನಿಂದ ಬಂದು ಅವಳ ರೆಪ್ಪೆಗಳ ಮೇಲೆ ಇಡುತ್ತಾಳೆ. ಇದಕ್ಕೆ ಕಣ್ಣು ತಣಿಸುವುದು ಎನ್ನುತ್ತೇವೆ. ಆ ಕೈ ಬರುವವರೆಗೆ ಕಣ್ಣಿಟ್ಟವರು ದೀಪದಿಂದ ದೃಷ್ಟಿ ಕೀಳುವಂತಿಲ್ಲ, ಕರೆಂಟು ಬಂದಿತೋ ಇಲ್ಲವೋ ಎಂದು ಆಚೀಚೆ ನೋಡುವಂತಿಲ್ಲ. ಇದು ನಮ್ಮಲ್ಲಿ ಮರ್ಯಾದೆಯ ಮಾತು.

ಎಲ್ಲರಿಗೂ ಬೇಕಾದವಳು ಎಂದ ಮೇಲೆ ಮುನಿಸೂ ಇದ್ದದ್ದೇ. ನಮ್ಮ ಬೀದಿ ಅಳತೆಗೋಲು ಇಟ್ಟ ಹಾಗೆ ನೆಟ್ಟಗಿದೆ. ಈ ತುದಿಗೆ ಗುಡ್ಡಕ್ಕೆ ಬೆನ್ನು ಕೊಟ್ಟು, ಬೀದಿಯುದ್ದಕ್ಕೆ ಮುಖ ಮಾಡಿ ನಮ್ಮ ಮನೆ, ನಡುವೆ ಹಿಟ್ಟಿನ ಗಿರಣಿ, ಆ ತುದಿಗೆ ಕೆರೆಯ ಹತ್ತಿರ ಬಂಗಾರೆವ್ವನ ಮನೆ. ಹೋದ ವರ್ಷದ ಮಳೆಯಲ್ಲಿ ಗಿರಣಿಯ ಫಕೀರಪ್ಪನೂ ಬಂಗಾರೆವ್ವನೂ ಒಟ್ಟಿಗೇ ಅಕ್ಕನನ್ನು ಕರೆಯಲು ಬಂದರು. ಫಕೀರಪ್ಪನ ಕಾಲು ಉದ್ದ, ಹೊಸಲು ಮೊದಲು ಮುಟ್ಟಿದ, ಅಕ್ಕ ಅವನ ಹಿಂದೆ ಹೋದಳು. ಬಂಗಾರೆವ್ವನ ಮಗಳಿಗೆ ಕಾಲೇಜಿನ ಸೀಟಿನ ಮಾತುಕತೆ ಇತ್ತಂತೆ, ನಡುವೆಯೇ ದೀಪ ಆರಿ ಸೀಟು ಇನ್ನೊಬ್ಬರ ಪಾಲಾಯಿತು. ಅಂದಿನಿಂದ ಬಂಗಾರೆವ್ವ ನಮ್ಮೊಂದಿಗೆ ಮಾತು ಬಿಟ್ಟಳು. ಎದುರಿಗೆ ಸಿಕ್ಕರೆ ಸೆರಗು ಎಳೆದುಕೊಂಡು ಗೋಡೆ ನೋಡುತ್ತಿದ್ದಳು. ನಾನೂ ಬಿಡುವವಳಲ್ಲ, ಅವಳು ನೋಡಿದ ಗೋಡೆಯನ್ನೇ ನಾನೂ ನೋಡಿಕೊಂಡು ಬರುತ್ತಿದ್ದೆ.

ಅಕ್ಕನಿಗೆ ತನ್ನದೆಂದು ನೆಟ್ಟು ಬೇಕಾಗಿದ್ದದ್ದು ಒಂದಕ್ಕೇ. ಅವಳ ತಂಗಿ ನಿಂಬೆವ್ವ. ಅವಳಿಗೂ ಹುಟ್ಟಿದಾಗಿನಿಂದ ಕಿವಿ ಕೇಳಿಸುವುದಿಲ್ಲ. ಚಿಕ್ಕವರಿದ್ದಾಗ ಅಕ್ಕತಂಗಿಯರಿಬ್ಬರೂ ಸೇರಿ ಕೈಯಲ್ಲೇ ಒಂದು ಮಾತು ಕಟ್ಟಿಕೊಂಡಿದ್ದರು. ಅದನ್ನು ಯಾವ ಶಾಲೆಯೂ ಕಲಿಸಿದ್ದಲ್ಲ, ಆ ಇಬ್ಬರ ಹೊರತು ಪೂರ್ತಿ ಬಲ್ಲವರು ಈ ಭೂಮಿಯ ಮೇಲೆ ಯಾರೂ ಇಲ್ಲ. ನಿಂಬೆವ್ವನನ್ನು ದೂರದ ಹಳ್ಳಿಗೆ ಕೊಟ್ಟರು. ದಿನಾ ಸಂಜೆ ಇಬ್ಬರೂ ಫೋನನ್ನು ತಂಬಿಗೆಗೆ ಒರಗಿಸಿಕೊಂಡು ಕೂತರೆಂದರೆ ಬೆರಳುಗಳು ಹಾರಾಡುವುದನ್ನು ನೋಡಲು ಎರಡು ಕಣ್ಣು ಸಾಲವು. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದರೂ ನನಗೆ ಅರ್ಧ ತಿಳಿಯುತ್ತದೆ. ನನ್ನ ಹತ್ತಿರ ಮಾತಾಡುವಾಗ ಅಕ್ಕ ನಿಧಾನವಾಗಿ, ಮಗುವಿಗೆ ತುತ್ತು ಇಡುವ ಹಾಗೆ ಬಿಡಿಸಿ ಬಿಡಿಸಿ ಹೇಳುತ್ತಾಳೆ.

ಈ ವರ್ಷ ಒಂದು ದಿನ ಮಧ್ಯಾಹ್ನ ಊಟವಾಗಿತ್ತು. ಗಂಡಸರು ಪೇಟೆಗೆ ಹೋಗಿದ್ದರು. ಗುಡ್ಡದ ಹಿಂದಿನಿಂದ ಮೋಡ ಏರಿ ಬಂದು ಹಗಲು ಮುಸ್ಸಂಜೆಯಂತಾಗಿತ್ತು. ಒಣಹಾಕಿದ ಬಟ್ಟೆ ಬಾಚಿಕೊಂಡು ಒಳಗೆ ಬಂದರೆ ಅಕ್ಕನ ಫೋನು ನಡುಗುತ್ತಿತ್ತು. ನಿಂಬೆವ್ವನ ಫೋನಿನಿಂದ ಬಂದ ಕರೆ, ಎತ್ತಿದರೆ ಪರದೆಯ ಮೇಲೆ ಗುರುತಿಲ್ಲದ ಡಾಕ್ಟರಮ್ಮ. ಅವರ ಹಿಂದೆ ಮಂಚದ ಮೇಲೆ ನಿಂಬೆವ್ವ.

ಡಾಕ್ಟರಮ್ಮ ಹೇಳಿದ್ದು ಇಷ್ಟು. ಬೆಳಗ್ಗೆಯಿಂದ ಹೊಟ್ಟೆನೋವು, ವಾಂತಿ ಎಂದು ನಿಂಬೆವ್ವನನ್ನು ಆಸ್ಪತ್ರೆಗೆ ತಂದಿದ್ದಾರೆ. ರಾತ್ರಿ ಉಳಿದ ಪಲ್ಯ ತಿಂದದ್ದಕ್ಕೆ ಹೀಗಾಗಿದೆ ಎಂದು ಮನೆಯವರು ಹೇಳುತ್ತಾರೆ. ಆದರೆ ಅವಳ ರೆಪ್ಪೆಗಳು ಜೋತುಬೀಳುತ್ತಿವೆ, ಕೈಕಾಲಿನ ಶಕ್ತಿ ಇಳಿಯುತ್ತಿದೆ. ಅವಳೇನೋ ಹೇಳಲು ಹೆಣಗುತ್ತಿದ್ದಾಳೆ, ಅಲ್ಲಿ ಯಾರಿಗೂ ತಿಳಿಯುತ್ತಿಲ್ಲ. ಬರಬರುತ್ತ ಉಸಿರಿಗೂ ತೊಂದರೆಯಾಗಬಹುದು. ಏನಾಯಿತೆಂದು ಅವಳಿಂದಲೇ ತಿಳಿಯಬೇಕು, ಅದೂ ಬೇಗ.

ನಾನು ಅಕ್ಕನಿಗೆ ಬಿಡಿಸಿ ಹೇಳಿದೆ. ಫೋನನ್ನು ಕಿಟಕಿಯ ಕೆಳಗೆ ತಂಬಿಗೆಗೆ ಒರಗಿಸಿ ಕೂತಳು, ಕೈ ಎತ್ತಿದಳು. ಅತ್ತ ನಿಂಬೆವ್ವನೂ ಅಕ್ಕನನ್ನು ಕಂಡು ಕೈ ಎತ್ತಿದಳು. ಅಷ್ಟರಲ್ಲಿ ಗಾಳಿ ಬಾಗಿಲನ್ನು ಗೋಡೆಗೆ ಅಪ್ಪಳಿಸಿತು, ಮೊದಲ ಹನಿಗಳು ಬಿದ್ದವು, ಕರೆಂಟು ಹೋಯಿತು.

ಆಗ ನಾವಿಬ್ಬರೂ ಮಾಡಿದ ಕೆಲಸವನ್ನು ಬೇರೆ ಊರಿನವರು ಯಾರೂ ಮಾಡುತ್ತಿರಲಿಲ್ಲ. ಕರೆಂಟು ಹೋದೊಡನೆ ನಾನು ಗೂಡಿನ ಕಡೆ ತಿರುಗಿದೆ. ಅಕ್ಕನೂ ತಿರುಗಿದಳು. ಇಷ್ಟು ವರ್ಷದ ರೂಢಿ, ಮೈಯೇ ತಾನಾಗಿ ತಿರುಗಿತು. ಇಬ್ಬರೂ ಕಣ್ಣು ಪಿಳುಕಿಸದೆ ಹಸಿರು ದೀಪ ನೋಡುತ್ತ ಕೂತೆವು. ದೀಪ ಚೆನ್ನಾಗಿ ಉರಿಯುತ್ತಿತ್ತು. ನಮ್ಮ ಬೆನ್ನ ಹಿಂದೆ ನಿಂಬೆವ್ವ ಸೋತ ಬೆರಳುಗಳಿಂದ ಏನು ಹೇಳುತ್ತಿದ್ದಳೋ, ಅದು ಯಾರ ಕಣ್ಣಿಗೂ ಬೀಳದೆ ಹೋಗುತ್ತಿತ್ತು. ಫೋನಿನಿಂದ ಡಾಕ್ಟರಮ್ಮ, ಯಾಕೆ ಆ ಕಡೆ ತಿರುಗಿದಿರಿ, ಇಲ್ಲಿ ನೋಡಿ, ಇಲ್ಲಿ ನೋಡಿ ಎಂದು ಕೂಗುತ್ತಿದ್ದರು.

ಅಯ್ಯೋ ದೇವರೇ ಎನಿಸಿತು. ನಾನು ದೀಪದಿಂದ ಕಣ್ಣು ಕೀಳದೆ ಅಕ್ಕನ ಭುಜ ಹಿಡಿದು ಫೋನಿನ ಕಡೆ ದಬ್ಬಿದೆ. ಅವಳು ಬೆಚ್ಚಿ ತಿರುಗಿದಳು. ಆದರೆ ಅವಳು ತಂಗಿಯ ಮಾತನ್ನು ಓದಿ ನನಗೆ ಹೇಳಬೇಕಲ್ಲ, ನಾನು ಅವಳ ಕೈ ನೋಡದೆ ಡಾಕ್ಟರಮ್ಮನಿಗೆ ಹೇಳುವುದು ಹೇಗೆ? ಅಕ್ಕ ಕೈಯಿಂದ ನನ್ನ ತೊಡೆ ತಟ್ಟುತ್ತಿದ್ದಳು, ನೋಡು ನೋಡು ಎಂದು. ನಾನು ನೋಡಿದರೆ ದೀಪ ಆರುತ್ತಿತ್ತು. ನೋಡದಿದ್ದರೆ ದೀಪ ಉರಿದೂ ಏನು ಬಂತು? ನನ್ನ ಜೀವಮಾನದಲ್ಲಿ ಅಂಥ ಇಕ್ಕಟ್ಟು ಕಂಡಿರಲಿಲ್ಲ. ಕಣ್ಣಿನಲ್ಲಿ ನೀರು ತುಂಬಿ ಹಸಿರು ದೀಪ ಕಲಸಿಹೋಗುತ್ತಿತ್ತು.

ಆಗ ಬಾಗಿಲಿಗೆ ಫಕೀರಪ್ಪ ಬಂದ, ಹಿಂದೆ ಅವನ ಹೆಂಡತಿ ಗಂಗವ್ವ. ಬಂದದ್ದು ಸಹಾಯಕ್ಕಲ್ಲ, ಪಾಪ, ಎಂದಿನಂತೆ ಅಕ್ಕನನ್ನು ತಮ್ಮ ಮನೆಗೆ ಕರೆದೊಯ್ಯಲು. ಅಕ್ಕಾರನ್ನ ಸ್ವಲ್ಪ ಕಳಸ್ರಿ ಎನ್ನುವುದಕ್ಕೆ ಬಾಯಿ ತೆರೆದವನು, ದೀಪಕ್ಕೆ ಬೆನ್ನು ಹಾಕಿ ಕೂತ ಅಕ್ಕನನ್ನು ಕಂಡು ಹಾಗೇ ನಿಂತ. ಹಾಗೆ ಅವಳನ್ನು ಊರು ನೋಡಿದ್ದು ಅದೇ ಮೊದಲು.

"ಅಣ್ಣಾ, ದೀಪಕ್ಕ ಕಣ್ಣಿಡ್ರಿ. ಅಕ್ಕನ ತಂಗಿ ಸಾಯಾಕತ್ತಾಳ" ಎಂದೆ.

ಗಂಡಹೆಂಡತಿ ಒದ್ದೆ ಬಟ್ಟೆಯಲ್ಲೇ ಗೂಡಿನ ಮುಂದೆ ಕೂತರು, ಒಬ್ಬರ ಮೊಣಕಾಲ ಮೇಲೆ ಇನ್ನೊಬ್ಬರ ಕೈ ಇಟ್ಟರು. ನಾನು ಕಣ್ಣೊರೆಸಿಕೊಂಡು ಅಕ್ಕನ ಕೈ ನೋಡಿದೆ.

ಸುದ್ದಿ ಬೀದಿಗೆ ಹೇಗೆ ಮುಟ್ಟಿತೋ ಗೊತ್ತಿಲ್ಲ. ಸಾವಂತ್ರೆವ್ವನ ಮನೆಗೇ ಕಣ್ಣು ಬೇಕಾಗಿದೆಯಂತೆ ಎನ್ನುವುದನ್ನು ಕೇಳಿದವರು ಕೇಳಿದ ಹಾಗೇ ಎದ್ದು ಬಂದರು. ಹಿಟ್ಟಿನ ಕೈಯವರು, ಮಗು ಎತ್ತಿಕೊಂಡವರು, ಊರುಗೋಲು ಹಿಡಿದವರು. ಪಡಸಾಲೆ ತುಂಬಿತು, ಒಳಕೋಣೆಯ ಬಾಗಿಲು ತುಂಬಿತು, ಕಟ್ಟೆ ತುಂಬಿತು. ಎಲ್ಲರೂ ಗೂಡಿನ ಕಡೆ ಮುಖ ಮಾಡಿ ಭುಜಕ್ಕೆ ಭುಜ ಒತ್ತಿ ಕೂತರು. ಇಷ್ಟು ಕಣ್ಣಿದ್ದ ಮೇಲೆ ಇನ್ನೇನು ಭಯ ಎಂದು ನಾನೂ ಅಂದುಕೊಂಡೆ. ಗುಡುಗು ಇನ್ನೂ ಗುಡ್ಡದ ಆಚೆ ಬೀಸುವ ಕಲ್ಲಿನ ಹಾಗೆ ಸದ್ದು ಮಾಡುತ್ತಿತ್ತು, ಹತ್ತಿರ ಬಂದಿರಲಿಲ್ಲ. ಬಂದರೆ ಈ ಕಣ್ಣುಗಳೆಲ್ಲ ಒಂದೇ ಸಲ ಮುಚ್ಚಿಕೊಳ್ಳುತ್ತವೆ ಎನ್ನುವುದು ಯಾರಿಗೂ ಹೊಳೆಯಲಿಲ್ಲ.

ನಿಂಬೆವ್ವನ ಕೈಗಳು ನೀರಿನೊಳಗೆ ಆಡುವ ಹಾಗೆ ಭಾರವಾಗಿ ಆಡುತ್ತಿದ್ದವು. ಅಕ್ಕ ಮುಂದಕ್ಕೆ ಬಾಗಿ ಓದಿ ನನಗೆ ಬಿಡಿಸಿ ತೋರಿಸಿದಳು. ರಾತ್ರಿ ಸೆಖೆ. ನೆಲದ ಮೇಲೆ, ಜೋಳದ ಚೀಲಗಳ ಪಕ್ಕ ಮಲಗಿದ್ದಳು. ನಾನು ಅದನ್ನು ಡಾಕ್ಟರಮ್ಮನಿಗೆ ಕೂಗಿ ಹೇಳಿದೆ. ಅವರ ದನಿ ಬದಲಾಯಿತು. ನಿದ್ದೆಯಲ್ಲಿ ಏನಾದರೂ ಕಚ್ಚಿದ ಹಾಗಾಯಿತೇ, ಎಲ್ಲಿ, ಯಾವಾಗ, ಕೇಳಿ ಎಂದರು. ಅಕ್ಕ ಕೇಳಿದಳು. ಆದರೆ ಅತ್ತ ನಿಂಬೆವ್ವನ ರೆಪ್ಪೆಗಳು ಪೂರ್ತಿ ಮುಚ್ಚಿಕೊಂಡಿದ್ದವು. ಎಚ್ಚರ ತಪ್ಪಿರಲಿಲ್ಲ, ತೆರೆಯಲು ಶಕ್ತಿ ಇರಲಿಲ್ಲ. ಕಿವಿ ಕೇಳದವಳಿಗೆ ಕಣ್ಣು ಮುಚ್ಚಿದರೆ ಜಗತ್ತಿನ ಬಾಗಿಲೇ ಮುಚ್ಚಿದ ಹಾಗೆ. ಅಕ್ಕ ಪರದೆಯ ಮುಂದೆ ಎರಡೂ ಕೈ ಬೀಸುತ್ತಿದ್ದಳು, ಬಾಯಿಂದ ಒಂದು ಸ್ವರ ಹೊರಟಿತು. ಅವಳ ಬಾಯಿಂದ ಸ್ವರ ಬಂದದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

ಆಗ ಅಲ್ಲಿದ್ದ ನರ್ಸು ಒಂದು ಕೆಲಸ ಮಾಡಿದಳು. ನಿಂಬೆವ್ವನ ತಲೆಯನ್ನು ತನ್ನ ಎದೆಗೆ ಆನಿಸಿಕೊಂಡು, ಎರಡು ಕೈಯ ಹೆಬ್ಬೆರಳುಗಳಿಂದ ಅವಳ ರೆಪ್ಪೆಗಳನ್ನು ಮೆಲ್ಲಗೆ ಮೇಲಕ್ಕೆ ಎತ್ತಿ ಹಿಡಿದಳು. ನಿಂಬೆವ್ವನ ಕಣ್ಣು ತೆರೆಯಿತು. ಅಕ್ಕ ಕಾಣಿಸಿದಳು. ಅವಳ ಬೆರಳುಗಳು ಮತ್ತೆ ಆಡತೊಡಗಿದವು.

ಅದೇ ಹೊತ್ತಿಗೆ ಗುಡುಗು ಬಿತ್ತು. ಬಿತ್ತು ಎಂದರೆ ನಮ್ಮ ಮನೆಯ ಮಾಳಿಗೆಯ ಮೇಲೇ ಬಿದ್ದ ಹಾಗೆ. ಪಾತ್ರೆಗಳು ಕಟಕಟ ಎಂದವು, ಮಗು ಕಿರುಚಿತು, ನನ್ನ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಿತು. ಕೋಣೆಯಲ್ಲಿದ್ದ ಅಷ್ಟೂ ಜನರ ಕಣ್ಣು ಮುಚ್ಚಿಕೊಂಡಿತೆಂದು ನೋಡದೆಯೇ ಗೊತ್ತಾಯಿತು. ಮುಗಿಯಿತು ಎಂದುಕೊಂಡೆ. ಕಣ್ಣು ತೆರೆಯಲು ಧೈರ್ಯವೇ ಆಗಲಿಲ್ಲ.

ತೆರೆದು ನೋಡಿದರೆ ನಿಂಬೆವ್ವ ಪರದೆಯ ಮೇಲೆ ಇದ್ದಳು. ಕೈ ಆಡುತ್ತಲೇ ಇತ್ತು. ಗೂಡಿನಲ್ಲಿ ಹಸಿರು ದೀಪ ಉರಿಯುತ್ತಲೇ ಇತ್ತು.

ನಾನು ಮುಚ್ಚಿದೆ, ನಾನೂ ಮುಚ್ಚಿದೆ ಎಂದು ಎಲ್ಲರೂ ಪಿಸುಗುಟ್ಟಿದರು. ಹಾಗಾದರೆ ತೆರೆದದ್ದು ಯಾರು? ಕಟ್ಟೆಯ ಅಂಚಿನಲ್ಲಿದ್ದ ಯಾರೋ ಬೀದಿಯತ್ತ ತಿರುಗಿ ನೋಡಿ, "ಬಂಗಾರೆವ್ವ" ಎಂದರು.

ಕೆರೆಯ ತುದಿಯಲ್ಲಿ, ತನ್ನ ಮನೆಯ ಕಟ್ಟೆಯ ಮೇಲೆ, ಛತ್ರಿ ಹಿಡಿದು ಬಂಗಾರೆವ್ವ ನಿಂತಿದ್ದಳಂತೆ. ನಮ್ಮ ಹೊಸಲು ತುಳಿಯುವುದಿಲ್ಲ ಎಂದು ಶಪಥ ಮಾಡಿದವಳು. ಬಂದವರೆಲ್ಲ ಒಳಗೆ ನುಗ್ಗಿದರೂ ಅವಳು ಬರಲಿಲ್ಲ. ಆದರೆ ಕಣ್ಣು ಕೊಡುವುದಕ್ಕೆ ಹೊಸಲು ದಾಟಬೇಕೆಂದು ಎಲ್ಲಿದೆ? ನೆಟ್ಟನೆಯ ಬೀದಿ, ತೆರೆದ ಬಾಗಿಲು, ಕತ್ತಲುಗಟ್ಟಿದ ಹಗಲು. ಅಲ್ಲಿಂದಲೂ ಗೂಡಿನ ದೀಪ ಸಾಸಿವೆಯಷ್ಟು ಹಸಿರಾಗಿ ಕಾಣುತ್ತದೆ. ಅವಳು ಮುಖ ಗಂಟಿಕ್ಕಿಕೊಂಡೇ ಅದನ್ನು ನೋಡುತ್ತ ನಿಂತಿದ್ದಳು. ನಮ್ಮ ತಲೆಯ ಮೇಲೆ ಬಿದ್ದ ಗುಡುಗು ಅವಳ ಕಿವಿಗೆ ಹೋಗಿ ಮುಟ್ಟುವಷ್ಟರಲ್ಲಿ ನಮ್ಮ ಕಣ್ಣು ತೆರೆದಿದ್ದವು.

ಫಕೀರಪ್ಪ ಅದನ್ನು ಅರ್ಥ ಮಾಡಿಕೊಳ್ಳಲು ಒಂದು ಉಸಿರಿನಷ್ಟು ಹೊತ್ತು ತೆಗೆದುಕೊಂಡ. ಆಮೇಲೆ ದೀಪದಿಂದ ಕಣ್ಣು ಕೀಳದೆಯೇ ಹೇಳಿದ, "ಒಳಗ ಕುಂತು ಉಪಯೋಗಿಲ್ಲ. ಎಲ್ಲಾರೂ ಬೀದಿಗೆ ನಡೀರಿ. ಕೆರಿತನಕ ದೂರ ದೂರ ನಿಂದರ್ರಿ. ದೀಪ ಮಾತ್ರ ಬಿಡಬ್ಯಾಡ್ರಿ."

ಅವರು ಹಿಂದಕ್ಕೆ ಹಿಂದಕ್ಕೆ ನಡೆದು ಹೊರಗೆ ಹೋದರು. ಯಾರೂ ಬೆನ್ನು ತಿರುಗಿಸಲಿಲ್ಲ. ದೃಷ್ಟಿಯನ್ನು ಗೂಡಿಗೆ ಅಂಟಿಸಿ, ಒಬ್ಬರ ಸೆರಗನ್ನು ಇನ್ನೊಬ್ಬರು ಹಿಡಿದು, ಮೆಟ್ಟಿಲು ತಡವುತ್ತ ಕೆಸರಿಗೆ ಇಳಿದರು. ಗಂಗವ್ವ ಬಾಗಿಲಲ್ಲಿ ನಿಂತಳು, ಫಕೀರಪ್ಪ ಅಂಗಳದಲ್ಲಿ, ಮಗುವಿನ ತಾಯಿ ಪಕ್ಕದ ಮನೆಯ ಸೂರಿನಡಿ, ಮುದುಕರು ಗಿರಣಿಯ ಕಟ್ಟೆಯ ಮೇಲೆ. ಎತ್ತರದವರು ಹಿಂದೆ, ಗಿಡ್ಡವರು ಮುಂದೆ, ಯಾರೂ ಯಾರಿಗೂ ಅಡ್ಡ ಬರದ ಹಾಗೆ ಬೀದಿಯ ಎರಡೂ ಬದಿಗೆ ಬಂಗಾರೆವ್ವನ ಮನೆಯವರೆಗೆ. ಮಳೆ ದಪ್ಪ ಹನಿಯಾಗಿ ಹೊಡೆಯುತ್ತಿತ್ತು.

ಅಕ್ಕ ಇದಾವುದನ್ನೂ ನೋಡಲಿಲ್ಲ. ಅವಳ ಜಗತ್ತು ಆ ಅಂಗೈಯಗಲದ ಪರದೆಯಾಗಿತ್ತು. ಅವಳು ಓದಿದಳು, ನಾನು ಹೇಳಿದೆ. ಬೆಳಗಿನ ಜಾವ. ಕಾಲಿನ ಮೇಲೆ ತಣ್ಣಗೆ ಏನೋ ಹರಿದುಹೋಯಿತು. ಇರುವೆ ಕಚ್ಚಿದ ಹಾಗೆ ಚುಳ್ಳೆಂದಿತು. ಎದ್ದು ನೋಡಿದರೆ ಏನೂ ಇರಲಿಲ್ಲ, ಮತ್ತೆ ಮಲಗಿದಳು. ಎಡಗಾಲು, ಕಿರುಬೆರಳಿನ ಹತ್ತಿರ.

"ಕಟ್ಟುಹಾವು. ಅದು ಕಡಿದರೆ ಗುರುತೂ ಕಾಣುವುದಿಲ್ಲ, ನೋವೂ ಹೆಚ್ಚಿರುವುದಿಲ್ಲ. ರೆಪ್ಪೆ ಬೀಳುತ್ತಿರುವುದು ಅದಕ್ಕೇ" ಎಂದರು ಡಾಕ್ಟರಮ್ಮ. ಆಮೇಲೆ ಪಕ್ಕಕ್ಕೆ ತಿರುಗಿ ಏನೇನೋ ಔಷಧಿ ಹೇಳಿದರು, ಓಡಾಟ ಶುರುವಾಯಿತು.

ಆಗ ಇನ್ನೊಂದು ಗುಡುಗು. ಈ ಸಲ ನಾನು ಬಾಗಿಲಿನತ್ತ ನೋಡುತ್ತಿದ್ದೆ. ಮೊದಲು ಮಿಂಚು ಇಡೀ ಬೀದಿಯನ್ನು ಬೆಳ್ಳಗೆ ತೋರಿಸಿತು. ಅಷ್ಟೂ ಮುಖಗಳು ನಮ್ಮ ಮನೆಯ ಕಡೆ, ನೀರು ಸುರಿಯುವ ಮುಖಗಳು. ಆಮೇಲೆ ಸದ್ದು ಬಂತು. ಬಾಗಿಲಲ್ಲಿ ಗಂಗವ್ವ ಬೆಚ್ಚಿದಳು. ಅಂಗಳದಲ್ಲಿ ಫಕೀರಪ್ಪ ಬೆಚ್ಚಿದ. ಆಮೇಲೆ ಪಕ್ಕದ ಮನೆಯ ಸೂರಿನಡಿ, ಆಮೇಲೆ ಗಿರಣಿಯ ಕಟ್ಟೆ. ಛತ್ರಿಗಳು, ಗೋಣಿಚೀಲಗಳು, ತಲೆಗಳು ಒಂದಾದ ಮೇಲೊಂದು ಬಾಗಿ ನೆಟ್ಟಗಾದವು. ನಿಂತ ಜೋಳದ ಹೊಲದಲ್ಲಿ ಗಾಳಿ ಹೋಗುವ ಹಾಗೆ ಆ ಬೆಚ್ಚುವಿಕೆ ನಮ್ಮ ಬಾಗಿಲಿನಿಂದ ಹೊರಟು ಕೆರೆಯವರೆಗೆ ಹರಿದುಹೋಯಿತು. ಅದು ಬಂಗಾರೆವ್ವನ ಛತ್ರಿಯನ್ನು ಅಲ್ಲಾಡಿಸುವ ಹೊತ್ತಿಗೆ ಗಂಗವ್ವ ಕಣ್ಣು ತೆರೆದು ನಿಂತಿದ್ದಳು. ದೀಪ ಅಲುಗಲಿಲ್ಲ. ದಿನಾ ನೀರಿಗೆ ಜಗಳಾಡುವ ಜನ, ನಾಯಿ ಬೊಗಳಿತೆಂದು ಪಂಚಾಯಿತಿ ಸೇರಿಸುವ ಜನ. ಇವರೇ ಏನು ಎನಿಸಿತು.

ಆಸ್ಪತ್ರೆಯಲ್ಲಿ ಸೂಜಿ ಚುಚ್ಚಿ ಔಷಧಿ ಬಿಟ್ಟರು. ಉಸಿರಾಟಕ್ಕೆ ಗಂಟಲಿಗೆ ಕೊಳವೆ ಹಾಕಬೇಕಾಗುತ್ತದೆ, ನಿಮ್ಮ ತಂಗಿ ಗಾಬರಿಯಾಗದ ಹಾಗೆ ನೀವೇ ಹೇಳಿ, ನಿದ್ದೆ ಬರಿಸುತ್ತೇವೆ ಎಂದರು ಡಾಕ್ಟರಮ್ಮ. ನಿಂಬೆವ್ವ ಗಾಬರಿಯಾಗಿದ್ದಳು, ಕೊಳವೆ ಕಂಡು ಸೋತ ಕೈಯಿಂದಲೇ ತಳ್ಳುತ್ತಿದ್ದಳು. ನರ್ಸಿನ ಹೆಬ್ಬೆರಳುಗಳು ಇನ್ನೂ ಅವಳ ರೆಪ್ಪೆಯ ಮೇಲಿದ್ದವು. ಅಕ್ಕ ಏನು ಹೇಳುತ್ತಾಳೆಂದು ನಾನು ಕಾದೆ. ಅವಳು ನಿಧಾನವಾಗಿ, ನನಗೂ ತಿಳಿಯುವಷ್ಟು ನಿಧಾನವಾಗಿ ಹೇಳಿದಳು.

ಕಣ್ಣು ಮುಚ್ಚು. ನಾನು ನೋಡುತ್ತಿರುತ್ತೇನೆ.

ನಿಂಬೆವ್ವನ ಕೈ ಕೆಳಗೆ ಬಿತ್ತು. ನಾನು ಡಾಕ್ಟರಮ್ಮನಿಗೆ, ಆಗಲಿ ಎಂದಳು ಎಂದೆ. ನರ್ಸು ಹೆಬ್ಬೆರಳು ಸಡಿಲಿಸಿ ರೆಪ್ಪೆಗಳನ್ನು ಇಳಿಯಬಿಟ್ಟಳು.

ಇನ್ನು ಮಾತಾಡುವುದು ಏನೂ ಉಳಿದಿರಲಿಲ್ಲ. ಫೋನು ಇಟ್ಟುಬಿಡಿ ಎಂದು ಡಾಕ್ಟರಮ್ಮ ಹೇಳಬಹುದಿತ್ತು, ಹೇಳಲಿಲ್ಲ. ಅಕ್ಕನ ಮುಖ ನೋಡಿ, ಫೋನನ್ನು ಮಂಚದ ಪಕ್ಕ ನಿಲ್ಲಿಸಿ ತಮ್ಮ ಕೆಲಸಕ್ಕೆ ತಿರುಗಿಕೊಂಡರು. ಅಕ್ಕ ಕೊಟ್ಟ ಮಾತಿಗೆ ಕೂತಳು. ತಂಗಿಯ ಎದೆ ಏರುವುದು ಇಳಿಯುವುದನ್ನು ನೋಡುತ್ತ, ಎಡಗಣ್ಣು ಮುಚ್ಚಿ ತೆರೆದು, ಬಲಗಣ್ಣು ಮುಚ್ಚಿ ತೆರೆದು. ದೀಪಕ್ಕೆ ಇಡುತ್ತಿದ್ದ ಹಾಗೇ ತಂಗಿಗೆ ಕಣ್ಣಿಟ್ಟಳು. ಹೊರಗೆ ಮಳೆ ಹೊಡೆಯಿತು, ಗುಡುಗು ಬಂದು ಬೀದಿಯುದ್ದಕ್ಕೂ ಉರುಳಿ ಕೆರೆಗೆ ಹೋಯಿತು, ಮತ್ತೆ ಬಂತು, ಮತ್ತೆ ಹೋಯಿತು. ತಂಗಿಯ ಮೇಲಿಟ್ಟ ಅಕ್ಕನ ಆ ನೋಟ ಒಂದು ಸಲವೂ ತುಂಡಾಗಲಿಲ್ಲ.

ಮಳೆ ಹನಿಗೆ ಇಳಿದಾಗ ಡಾಕ್ಟರಮ್ಮ ಬಂದರು. ಗಂಡಾಂತರ ಕಳೆಯಿತೆಂದು ಈಗಲೇ ಹೇಳಲಾರೆ, ಆದರೆ ಔಷಧಿ ಹೊತ್ತಿಗೆ ಸರಿಯಾಗಿ ಹೋಗಿದೆ, ಇನ್ನು ತಡವಾಗಿದ್ದರೆ ನಮ್ಮ ಕೈಯಲ್ಲಿ ಇರುತ್ತಿರಲಿಲ್ಲ ಎಂದರು. ಅವರು ಮಾತಾಡುತ್ತಿರುವಾಗಲೇ ಅವರ ಹಿಂದೆ, ಹೊದಿಕೆಯ ಮೇಲಿದ್ದ ನಿಂಬೆವ್ವನ ಕಿರುಬೆರಳು ಅಲ್ಲಾಡಿತು. ನನಗೆ ಅದರ ಅರ್ಥ ಆಗಲಿಲ್ಲ. ಅಕ್ಕನಿಗೆ ಆಯಿತು. ಅವಳು ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಅತ್ತಳು. ನಾನೂ ಅತ್ತೆ, ನನ್ನದು ಸದ್ದಿನ ಅಳು. ಆ ಹೊತ್ತಿಗೆ ತಲೆಯ ಮೇಲೆ ಫ್ಯಾನು ತಿರುಗಲು ಶುರುವಾಗಿತ್ತು, ಯಾವಾಗ ಕರೆಂಟು ಬಂತೋ ಇಬ್ಬರೂ ನೋಡಿರಲಿಲ್ಲ.

ಕಣ್ಣೊರೆಸಿಕೊಂಡು ಅಕ್ಕ ಎದ್ದು ತಿರುಗಿದಳು. ತೆರೆದ ಬಾಗಿಲಲ್ಲಿ ಬೀದಿ ಕಂಡಿತು.

ಅವಳು ಹೊಸಲಿನಲ್ಲೇ ನಿಂತುಬಿಟ್ಟಳು. ಇಷ್ಟು ವರ್ಷ ಎಷ್ಟು ಮನೆಗಳಲ್ಲಿ ಕೂತು ಕಣ್ಣು ಕೊಟ್ಟವಳು, ಕಣ್ಣು ಕೊಡುವುದು ಹೇಗೆ ಕಾಣುತ್ತದೆಂದು ಅವಳು ನೋಡಿದ್ದೇ ಇಲ್ಲ. ಈಗ ಇಡೀ ಬೀದಿ ಅವಳ ಮುಂದೆ ನಿಂತಿತ್ತು. ಒದ್ದೆಯಾಗಿ, ನಡುಗುತ್ತ, ಕೆಂಪು ಕಣ್ಣುಗಳನ್ನು ಬಿಟ್ಟುಕೊಂಡು, ಅವಳ ಭುಜದ ಮೇಲಿಂದ ಒಳಗಿನ ಗೂಡನ್ನೇ ನೋಡುತ್ತ. ಯಾರೂ ಅವಳನ್ನು ನೋಡುತ್ತಿರಲಿಲ್ಲ. ಕೈ ಬರುವವರೆಗೆ ದೃಷ್ಟಿ ಕೀಳುವಂತಿಲ್ಲವಲ್ಲ.

ಅಕ್ಕ ಒಳಗೆ ಬಂದು ತಂಪುನೀರಿನ ಕೊಡ ಎತ್ತಿಕೊಂಡಳು. ನಾನು ಸಹಾಯಕ್ಕೆ ಹೋದರೆ ಕೈ ಸರಿಸಿದಳು. ಅಂಗೈ ಅದ್ದಿ ಮೊದಲು ಗಂಗವ್ವನ ರೆಪ್ಪೆಗಳ ಮೇಲೆ ಇಟ್ಟಳು. ಆಮೇಲೆ ಫಕೀರಪ್ಪ. ಆಮೇಲೆ ಸೂರಿನಡಿಯ ತಾಯಿ, ಅವಳ ತೋಳಿನಲ್ಲಿ ನಿದ್ದೆ ಹೋಗಿದ್ದ ಮಗುವಿಗೂ ಒಂದು ಸಲ. ಗಿರಣಿಯ ಮುದುಕರು. ಒಬ್ಬೊಬ್ಬರಾಗಿ ಕಣ್ಣು ಮುಚ್ಚಿ, ಒಬ್ಬೊಬ್ಬರಾಗಿ ಉಸಿರು ಬಿಟ್ಟು ಅಲ್ಲಲ್ಲೇ ಕುಸಿದು ಕೂತರು. ಯಾರನ್ನೂ ಬಿಡದೆ, ಯಾರಿಗೂ ಅವಸರ ಮಾಡದೆ ಅವಳು ಕೆರೆಯವರೆಗೆ ನಡೆದಳು. ನಾನು ಕೊಡದ ಹಿಂದೆ ಹಿಂದೆ ಹೋದೆ.

ಬಂಗಾರೆವ್ವ ಕೊನೆಯವಳು. ಛತ್ರಿ ಯಾವಾಗಲೋ ಗಾಳಿಗೆ ಮಗುಚಿ ಬಿದ್ದಿತ್ತು. ಅಕ್ಕ ಎದುರಿಗೆ ಬಂದದ್ದು ಗೊತ್ತಾದರೂ ಅವಳು ಅಲುಗಲಿಲ್ಲ, ಆ ಸಾಸಿವೆಯಷ್ಟು ಹಸಿರನ್ನು ಬಿಡಲಿಲ್ಲ. ಅಕ್ಕ ಅಂಗೈ ಅದ್ದಿ ಅವಳ ಕಣ್ಣುಗಳ ಮೇಲೆ ಇಟ್ಟಳು. ಆ ಕೈಯ ಕೆಳಗಿನಿಂದಲೇ, ವರ್ಷವಾದ ಮೇಲೆ ಮೊದಲ ಸಲ, ಬಂಗಾರೆವ್ವ ನನ್ನನ್ನು ಮಾತಾಡಿಸಿದಳು.

"ತಂಗಿ ಹೆಂಗದಾಳ?"

"ಅದಾಳ" ಎಂದೆ.

ಅಕ್ಕನಿಗೆ ನಾವಿಬ್ಬರೂ ಆಡಿದ್ದು ಕೇಳಿಸಲಿಲ್ಲ. ಅವಳು ಇನ್ನೂ ಸ್ವಲ್ಪ ಹೊತ್ತು ಅಂಗೈಯನ್ನು ಅಲ್ಲೇ ಇಟ್ಟುಕೊಂಡು ನಿಂತಿದ್ದಳು.